ಅಲೆಯ ಎತ್ತರ ಹೇಳುತ್ತಿದ್ದ ಮೈಕು

ಚೆನ್ನೈನ ತರಮಣಿಯಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವಿದೆ. ಸ್ವಾಮಿನಾಥನ್ ಎಂದರೆ ನಮ್ಮ ತಲೆಮಾರಿಗೆ ಪಠ್ಯಪುಸ್ತಕದ ಹಸಿರು ಕ್ರಾಂತಿ. ಗೋಧಿ, ಭತ್ತ, ಗೊಬ್ಬರ. ಅದೇ ಪ್ರತಿಷ್ಠಾನ ಇಲ್ಲಿಂದ ಮೂರು ಗಂಟೆ ದೂರದ ಪುದುಚೇರಿಯಲ್ಲಿ ಮಾಡಿದ ಇನ್ನೊಂದು ಕೆಲಸದ ಬಗ್ಗೆ ನಮ್ಮವರು ಮಾತಾಡಿದ್ದು ಕಡಿಮೆ. ಸಾಫ್ಟ್‌ವೇರ್ ಕೆಲಸ ಹಿಡಿದು ಊರು ಬಿಟ್ಟು ಬಂದ ನನ್ನಂಥವರಿಗಂತೂ ಅದು ಗೊತ್ತಿರಬೇಕಾದ ಕಥೆ.

1998ರಲ್ಲಿ ಕೆನಡಾದ ಸಂಸ್ಥೆಯೊಂದರ ಹಣದ ನೆರವಿನಿಂದ ಪ್ರತಿಷ್ಠಾನವು ಪುದುಚೇರಿಯ ಹಳ್ಳಿಗಳಲ್ಲಿ ‘ಜ್ಞಾನ ಕೇಂದ್ರ’ಗಳನ್ನು ತೆರೆಯತೊಡಗಿತು. ವಿಲ್ಲಿಯನೂರು ನಡುಕೇಂದ್ರ, ಅಲ್ಲಿಂದ ಸುತ್ತಲಿನ ಹಳ್ಳಿಗಳಿಗೆ ಮಾಹಿತಿ ಹೋಗಬೇಕು, ಅಲ್ಲಿಂದ ಇಲ್ಲಿಗೂ ಬರಬೇಕು. ಆ ಕಾಲದ ಹಳ್ಳಿಯ ಟೆಲಿಫೋನನ್ನು ನಂಬಿ ಕೂರುವಂತಿರಲಿಲ್ಲ, ಕರೆಂಟಿನ ಕಥೆ ಹೇಳುವುದೇ ಬೇಡ. ಹಾಗಾಗಿ ಪೊಲೀಸ್ ಜೀಪಿನ ವೈರ್‌ಲೆಸ್ ಜಾತಿಯ ವಿಎಚ್‌ಎಫ್ ರೇಡಿಯೋದಲ್ಲೇ ಮಾತನ್ನೂ ಅಕ್ಷರವನ್ನೂ ಕಳಿಸಿದರು. ಕಂಪ್ಯೂಟರಿಗೆ ಬಿಸಿಲಿನ ವಿದ್ಯುತ್ತು.

ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅವರು ಹಾಕಿದ ಕರಾರು. ಯಂತ್ರ ನಾವು ಕೊಡುತ್ತೇವೆ, ಜಾಗವನ್ನೂ ನಡೆಸುವವರನ್ನೂ ಊರು ಕೊಡಬೇಕು. ಆ ಜಾಗ ಎಲ್ಲ ಜಾತಿಯವರೂ, ಹೆಂಗಸರೂ ಅಳುಕಿಲ್ಲದೆ ಬರುವಂಥದ್ದಾಗಿರಬೇಕು. ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಇದು ಎಷ್ಟು ದುಬಾರಿ ಕರಾರೆಂದು ಬಿಡಿಸಿ ಹೇಳಬೇಕಿಲ್ಲ. ಊರ ದೊಡ್ಡವರ ಜಗಲಿಯ ಮೇಲೆ ಕಂಪ್ಯೂಟರ್ ಇಟ್ಟರೆ ಕೇರಿಯವರು ಅಂಗಳದಲ್ಲೇ ನಿಲ್ಲಬೇಕಾಗುತ್ತದೆ. ಎಂಬಲಂ ಎಂಬ ಹಳ್ಳಿಯಲ್ಲಿ ಕೇಂದ್ರಕ್ಕೆ ಸಿಕ್ಕಿದ್ದು ದೇವಸ್ಥಾನದ ಒಂದು ಕೋಣೆ. ಆ ಗುಡಿಗೆ ಎರಡು ಬಾಗಿಲು. ಒಂದರಲ್ಲಿ ದೇವರಿಗೆ ಹೋಗುವ ದಾರಿ. ಅಲ್ಲಿ ದಲಿತರಿಗೆ, ಮುಟ್ಟಾದ ಹೆಂಗಸರಿಗೆ ಪ್ರವೇಶವಿಲ್ಲ. ಇನ್ನೊಂದರಲ್ಲಿ ಕಂಪ್ಯೂಟರ್ ಕೋಣೆ. ಅಲ್ಲಿ ಯಾರಿಗೂ ತಡೆಯಿಲ್ಲ. ಅದನ್ನು ನಡೆಸಿದವರು ಊರಿನ ಹೆಂಗಸರೇ. ತಮಿಳಿನಲ್ಲಿ ಬೆರಳಚ್ಚು ಕಲಿತು, ಧಾನ್ಯದ ಧಾರಣೆ, ಬಸ್ಸಿನ ವೇಳೆ, ಸರ್ಕಾರದ ಯಾವ ಯೋಜನೆ ಯಾರಿಗೆ ಸಲ್ಲುತ್ತದೆ ಎಂಬುದನ್ನೆಲ್ಲ ತುಂಬಿಸಿದರು. ಮೊದಲ ಬಾಗಿಲು ಇದರಿಂದ ತೆರೆಯಿತೆಂದು ನಾನು ಹೇಳುತ್ತಿಲ್ಲ.

ಈ ಕೇಂದ್ರಗಳದ್ದೇ ಒಂದು ಪುಟ್ಟ ಪತ್ರಿಕೆಯೂ ಇತ್ತು, ‘ನಮ್ಮ ಊರು ಸೆಯ್ದಿ’ ಅಂತ. ಮೊದಲೆರಡು ಪದಕ್ಕೆ ಕನ್ನಡಿಗರಿಗೆ ದುಭಾಷಿ ಬೇಕಿಲ್ಲ, ಮೂರನೆಯದು ಸುದ್ದಿ.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಕರ್ನಾಟಕದಲ್ಲಿ ‘ಭೂಮಿ’ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪ್ರತಿ ಕೊಟ್ಟರು. ಒಂದು ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ವಾರಗಟ್ಟಲೆ ಅಲೆದವರಿಗೆ ಅದು ಸಣ್ಣ ಬಿಡುಗಡೆಯಲ್ಲ. ದೇಶವೇ ಅದನ್ನು ಹೊಗಳಿತು, ಹೊಗಳಬೇಕಾದದ್ದೇ. ಆದರೆ ಅದು ಸರ್ಕಾರದ ಬಳಿ ಇದ್ದ ಕಾಗದವನ್ನು ಸರ್ಕಾರ ಚುರುಕಾಗಿ ಕೊಟ್ಟ ಕೆಲಸ. ಭೂಮಿಯೇ ಇಲ್ಲದವರಿಗೆ ‘ಭೂಮಿ’ಯ ಕಿಟಕಿಯಲ್ಲಿ ಕೇಳುವುದೇನೂ ಇರಲಿಲ್ಲ. ಪುದುಚೇರಿಯವರು ಹೊರಟದ್ದು ಇನ್ನೊಂದು ತುದಿಯಿಂದ: ನಿಮಗೆ ಏನು ಗೊತ್ತಾಗಬೇಕು ಎಂದು ಮೊದಲು ಊರವರನ್ನೇ ಕೇಳಿದರು.

ಮೀನುಗಾರರ ಊರಾದ ವೀರಾಂಪಟ್ಟಿನಂನಲ್ಲಿ ಅದಕ್ಕೆ ಸಿಕ್ಕ ಉತ್ತರ ಅಲೆಯ ಎತ್ತರ. ನಾಳೆ ಕಡಲು ಹೇಗಿರುತ್ತದೆ, ಕಟ್ಟುಮರ ಇಳಿಸಬಹುದೇ? ಅಮೆರಿಕದ ನೌಕಾಪಡೆ ತನ್ನ ಹಡಗುಗಳಿಗಾಗಿ ಬಂಗಾಳ ಕೊಲ್ಲಿಯ ಅಲೆಗಳ ಮುನ್ಸೂಚನೆಯನ್ನು ಅಂತರಜಾಲದಲ್ಲಿ ಹಾಕುತ್ತಿತ್ತು. ಅದನ್ನು ವಿಲ್ಲಿಯನೂರಿನಲ್ಲಿ ಇಳಿಸಿಕೊಂಡು, ತಮಿಳಿಗೆ ತಿರುಗಿಸಿ ಹಳ್ಳಿಗೆ ಕಳಿಸುವುದು. ಹಳ್ಳಿಯಲ್ಲಿ ಮೈಕಿನಲ್ಲಿ ಓದುವುದು. ಯುದ್ಧನೌಕೆಗೆ ಬರೆದ ಲೆಕ್ಕ ಕಟ್ಟುಮರದವನ ಕಿವಿಗೆ ಬೀಳುತ್ತಿದ್ದುದು ಹೀಗೆ. ಓದು ಬಾರದವರಿಗೂ ಅದು ತಲುಪುತ್ತಿತ್ತು. ಮನೆಯಲ್ಲಿ ಮೀನು ಹೆಚ್ಚುತ್ತಿದ್ದ ಹೆಂಡತಿಯೂ ಕೇಳಿಸಿಕೊಂಡು, ಇವತ್ತು ಹೋಗಬೇಡಿ ಅನ್ನಬಹುದಿತ್ತು.

ಇಂಥದೇ ಮೈಕು ನಲ್ಲವಾಡು ಎಂಬ ಇನ್ನೊಂದು ಕಡಲೂರಿನಲ್ಲೂ ಇತ್ತು. 2004ರ ಡಿಸೆಂಬರ್ 26, ಭಾನುವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರೂವರೆಗೆ ಸುಮಾತ್ರದ ಬಳಿ ಕಡಲತಳ ನಡುಗಿತು. ಅಲೆ ನಮ್ಮ ಪೂರ್ವ ಕರಾವಳಿ ಮುಟ್ಟಲು ಎರಡು ಗಂಟೆಗೂ ಹೆಚ್ಚು ಸಮಯವಿತ್ತು. ಆದರೆ ಆಗ ಹಿಂದೂ ಮಹಾಸಾಗರಕ್ಕೆ ಸುನಾಮಿ ಎಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ. ನಲ್ಲವಾಡಿಗೆ ಎಚ್ಚರಿಕೆ ಬಂದದ್ದು ಸಿಂಗಪುರಕ್ಕೆ ದುಡಿಯಲು ಹೋಗಿದ್ದ ಆ ಊರಿನ ಯುವಕನಿಂದ. ಸುದ್ದಿ ತಿಳಿದವನೇ ಮನೆಗೆ ಫೋನ್ ಮಾಡಿದ. ಇತ್ತ ನೀರು ಏರತೊಡಗಿತ್ತು. ಊರವರು ಜ್ಞಾನ ಕೇಂದ್ರದ ಬಾಗಿಲು ಒಡೆದು ಒಳನುಗ್ಗಿ, ದಿನವೂ ಅಲೆಯ ಎತ್ತರ ಹೇಳುತ್ತಿದ್ದ ಮೈಕಿನಲ್ಲೇ ಓಡಿ, ಓಡಿ ಎಂದು ಕೂಗಿದರು. ಸುಮಾರು 150 ಮನೆ, 200 ದೋಣಿ ನಾಶವಾದವು. ಊರಿನ ಸುಮಾರು 3,600 ಜನ ಬದುಕಿಕೊಂಡರು.

ಕಂಪ್ಯೂಟರ್ ಜೀವ ಉಳಿಸಿತೆಂದು ಆಮೇಲೆ ಎಲ್ಲೆಲ್ಲೂ ಬರೆದರು. ಆ ಬೆಳಿಗ್ಗೆ ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ. ಕೆಲಸಕ್ಕೆ ಬಂದದ್ದು ಊರು ಬಿಟ್ಟವನ ಒಂದು ಫೋನು, ಮೈಕು ಎಲ್ಲಿದೆ, ಹೇಗೆ ಹಚ್ಚಬೇಕು ಎಂದು ಬಲ್ಲ ಕೈಗಳು, ಆ ಮೈಕಿನ ದನಿಯನ್ನು ನಂಬಿ ಅಭ್ಯಾಸವಾಗಿದ್ದ ಕಿವಿಗಳು. ಆರು ವರ್ಷಗಳ ಯೋಜನೆ ಆ ಊರುಗಳಲ್ಲಿ ಕಟ್ಟಿದ್ದು ಈ ನಂಬಿಕೆಯನ್ನು. ಯಾವ ಟೆಂಡರಿನಲ್ಲೂ ಅದಕ್ಕೊಂದು ಸಾಲು ಇರುವುದಿಲ್ಲ.

2007ರ ಅಕ್ಟೋಬರಿನಲ್ಲಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು. ಎಲ್ಲಿ ಮೀನು ಸಿಕ್ಕೀತು, ಅಲೆ ಎಷ್ಟು ಎದ್ದೀತು ಎಂಬ ಮುನ್ಸೂಚನೆಗಳೂ ಅಲ್ಲಿಂದಲೇ ಹೊರಡುತ್ತವೆ. ಪ್ರತಿಷ್ಠಾನ ತಂದ ಮೊಬೈಲ್ ಆ್ಯಪ್ ಅವನ್ನು ಮೀನುಗಾರನ ಭಾಷೆಯಲ್ಲಿ ಅವನ ಅಂಗೈಗೇ ತಲುಪಿಸುತ್ತದೆ. ಮೈಕಿಗೆ ಕೆಲಸ ಕಡಿಮೆಯಾಯಿತು. ಮಾಹಿತಿ ಈಗ ಗಂಡಸಿನ ಜೇಬಿನಲ್ಲಿ ಕಡಲಿಗೆ ಹೋಗುತ್ತದೆ, ದಡದಿಂದ ಸ್ವಲ್ಪ ದೂರಕ್ಕೆ ಸಿಗ್ನಲ್ ತಪ್ಪುತ್ತದೆ. 2017ರ ಕೊನೆಯಲ್ಲಿ ಒಖಿ ಚಂಡಮಾರುತ ಎದ್ದಾಗ ಕನ್ಯಾಕುಮಾರಿಯ, ಕೇರಳದ ಎಷ್ಟೋ ದೋಣಿಗಳು ಆಗಲೇ ಆಳಸಮುದ್ರದಲ್ಲಿದ್ದವು. ದಡದಲ್ಲಿ ಕೊಟ್ಟ ಎಚ್ಚರಿಕೆ ಅವುಗಳಿಗೆ ಮುಟ್ಟಲಿಲ್ಲ. ಅದಾದ ಮೇಲೆ, 2019ರಲ್ಲಿ, ಉಪಗ್ರಹದಿಂದ ನೇರವಾಗಿ ಸಂದೇಶ ಹಿಡಿಯುವ ‘ಜೆಮಿನಿ’ ಎಂಬ ಸಣ್ಣ ಪೆಟ್ಟಿಗೆ ಬಂತು. ಸಿಗ್ನಲ್ ಸಿಗದಷ್ಟು ದೂರದಲ್ಲಿದ್ದರೂ ಚಂಡಮಾರುತದ ಸುದ್ದಿ ಈಗ ದೋಣಿಗೆ ತಲುಪಬಲ್ಲದು. ಆದರೆ ದೋಣಿಯಲ್ಲಿದ್ದವರು ಆ ಪೆಟ್ಟಿಗೆಯಿಂದ ದಡಕ್ಕೆ ಒಂದು ಮಾತನ್ನೂ ಕಳಿಸಲು ಬರುವುದಿಲ್ಲ.