ಕರಗದಿರುವುದೇ ಇದರ ಗುಣ: ಬೋರ್ಡೋ ಮಿಶ್ರಣದ ಇತಿಹಾಸ

ಸೊಲ್ಲಾಪುರ ಜಿಲ್ಲೆಯ ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ನಮ್ಮ ರೈತರು ತಾಮ್ರದ ಲವಣವೊಂದನ್ನು ತಾವೇ ತಯಾರಿಸುತ್ತಾರೆ. ಅದಕ್ಕೆ ಪ್ರಯೋಗಶಾಲೆ ಬೇಕಿಲ್ಲ, ಪ್ಲಾಸ್ಟಿಕ್ ಬ್ಯಾರಲ್ ಸಾಕು. ಒಂದರಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ. ಇದೇ ಬೋರ್ಡೋ ಮಿಶ್ರಣ. ನಂದೇಶ್ವರದ ಕಡೆಯ ನಮ್ಮ ಮಕ್ಕಳು ಅಂಗಡಿಯಲ್ಲಿ ಮರಾಠಿಯ ‘ಮೋರಚೂದ’ ಕೇಳುತ್ತಾರೆ, ಪುಸ್ತಕದಲ್ಲಿ ‘ತಾಮ್ರದ ಸಲ್ಫೇಟ್’ ಓದುತ್ತಾರೆ. ಮೈಲುತುತ್ತ, ಮೋರಚೂದ, ತಾಮ್ರದ ಸಲ್ಫೇಟ್ ಮೂರೂ ಒಂದೇ ಎಂದು ನಾವು ಹೇಳಿಕೊಡದಿದ್ದರೆ ಲವಣಗಳ ಪಾಠ ಪರೀಕ್ಷೆಗಷ್ಟೇ ಉಳಿಯುತ್ತದೆ.

1878ರ ಸುಮಾರಿಗೆ ಅಮೇರಿಕೆಯಿಂದ ಫ್ರಾನ್ಸಿಗೆ ದ್ರಾಕ್ಷಿಯ ಹೊಸ ರೋಗ ಬಂತು. ನಮ್ಮ ರೈತರು ‘ಡಾವಣಿ’ ಎನ್ನುವ ಡೌನಿ ರೋಗವೇ ಅದು. 1882ರ ಅಕ್ಟೋಬರದಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಮೆಡಾಕ್ ಪ್ರದೇಶದಲ್ಲಿ ಹೋಗುತ್ತಿದ್ದಾಗ, ದಾರಿ ಪಕ್ಕದ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿರುವುದನ್ನು ಕಂಡರು. ದಾರಿಹೋಕರು ಹಣ್ಣು ಕದಿಯಬಾರದೆಂದು ತೋಟದವರು ಅವಕ್ಕೆ ಮೈಲುತುತ್ತ, ಸುಣ್ಣ ಬಳಿದಿದ್ದರು! ಕಳ್ಳರಿಗಾಗಿ ಬಳಿದದ್ದು ರೋಗವನ್ನು ತಡೆದಿತ್ತು. ರಸಾಯನಶಾಸ್ತ್ರಜ್ಞ ಗೇಯೋನ್ ಜೊತೆ ಸೇರಿ ಪರೀಕ್ಷಿಸಿ, 1885ರಲ್ಲಿ ಮಿಲಾರ್ಡೆ ಇದನ್ನು ಪ್ರಕಟಿಸಿದರು.

ಮೈಲುತುತ್ತವೊಂದನ್ನೇ ಸಿಂಪಡಿಸಿದರೆ ಆಗದೇ? ಆಗದು. ನೂರು ಮಿಲಿ ನೀರಿನಲ್ಲಿ ಅದರ ಹರಳು ಸುಮಾರು 30 ಗ್ರಾಂ ಕರಗುತ್ತದೆ. ಹಾಗೆ ಕರಗಿದ ತಾಮ್ರ ಎಲೆಯನ್ನು ಸುಡುತ್ತದೆ, ಮೊದಲ ಮಳೆಗೇ ತೊಳೆದೂ ಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರ ನೀರಿನಲ್ಲಿ ಕರಗದ ತಿಳಿನೀಲಿ ಪ್ರಕ್ಷೇಪವಾಗುತ್ತದೆ. ಅದು ಎಲೆಗೆ ಅಂಟಿ ಕೂತು, ಇಬ್ಬನಿ ಮಳೆ ಬಿದ್ದಾಗಲೆಲ್ಲ ಅತ್ಯಲ್ಪ ತಾಮ್ರ ಬಿಡುತ್ತದೆ. ರೋಗದ ಬೀಜಾಣು ಸಾಯಲು ಅಷ್ಟು ಸಾಕು, ಎಲೆಗೆ ಹಾನಿಯಿಲ್ಲ. ‘ಬೋರ್ಡೋ ದ್ರಾವಣ’ ಎಂಬ ರೂಢಿಯ ಹೆಸರು ಪಾಠದ ದೃಷ್ಟಿಯಿಂದ ಸರಿಯಲ್ಲ. ಕರಗದೇ ತೇಲುವ ಕಣಗಳಿರುವುದರಿಂದ ಅದು ದ್ರಾವಣವೇ ಅಲ್ಲ.

ಕನ್ನಡ ನಾಡಿನಲ್ಲಿ ಇದು ಹೆಸರು ಮಾಡಿದ್ದು ಅಡಿಕೆ ತೋಟದಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಕೊಳೆರೋಗ ಬಂದರೆ ಎಳೆ ಅಡಿಕೆ ಉದುರಿ ವರ್ಷದ ಅನ್ನವೇ ಹೋಗುತ್ತಿತ್ತು. ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆ ತಪ್ಪಿಸುವುದೇ ಆಗಿನ ಉಪಾಯ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಈ ರೋಗವನ್ನು ಅಭ್ಯಾಸ ಮಾಡಿದರು. ಅದರ ಕಾರಣ ಫೈಟಾಫ್ಥೊರಾ ಎಂದು 1910ರಲ್ಲಿ ಬರೆದರು. ದ್ರಾಕ್ಷಿಯ ಡೌನಿ ಜೀವಿಗೂ ಇದಕ್ಕೂ ಬಳಗದ ನಂಟಿದೆ, ಎರಡಕ್ಕೂ ನೀರು ಬೇಕು. ಆದ್ದರಿಂದ ಬೋರ್ಡೋ ಇಲ್ಲಿಯೂ ಫಲಿಸಿತು. ಮಲೆನಾಡಿನ ಜಡಿಮಳೆಗೆ ಅದೂ ತೊಳೆದುಹೋಗದಂತೆ ರಾಳ, ಸೋಡಾ ಬೆರೆಸುವ ಕ್ರಮವನ್ನು ಕೋಲ್ಮನ್ ತಂದರು. (ಕೊಳೆರೋಗ ಎಂಬ ನಮ್ಮ ಮಾತಂತೂ ಅದಕ್ಕೂ ಮೊದಲೇ, 1876ರಲ್ಲಿ, ಕಾಫಿಯ ಒಂದು ಶಿಲೀಂಧ್ರದ ಲ್ಯಾಟಿನ್ ಹೆಸರಿನಲ್ಲಿ ಸೇರಿತ್ತು: ಪೆಲ್ಲಿಕ್ಯುಲೇರಿಯಾ ಕೊಳೆರೋಗ.) ನಮ್ಮಂತೆಯೇ ಗಡಿಯಾಚೆ ಇರುವ ಕಾಸರಗೋಡಿನ ಕನ್ನಡಿಗರೂ ಇಂದಿಗೂ ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಇದನ್ನೇ ಸಿಂಪಡಿಸುತ್ತಾರೆ.

ಶೇಕಡಾ 1ರ ಮಿಶ್ರಣಕ್ಕೆ 50 ಲೀಟರ್ ನೀರಿನಲ್ಲಿ 1 ಕಿಲೋ ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ 1 ಕಿಲೋ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹಾಕಬೇಕು, ಅಂದೇ ಬಳಸಬೇಕು. ಕಬ್ಬಿಣದ ಪಾತ್ರೆ ಕೂಡದು. ಪರೀಕ್ಷೆಯೂ ಸುಲಭ: ಉಜ್ಜಿ ತೊಳೆದ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪು ಲೇಪ ಬಂದರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು. ಎಂಟನೆಯ ಇಯತ್ತೆಯ ಹುಡುಗ ಇದನ್ನು ತಂದೆಗೆ ವಿವರಿಸಬಲ್ಲ. ಆದರೆ ಮೈಲುತುತ್ತ ವಿಷ, ಮಕ್ಕಳ ಕೈಗೆ ಅದನ್ನು ಕೊಡಬಾರದು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಎಲೆಯಿಂದ ಬಿದ್ದ ತಾಮ್ರ ಎಲ್ಲಿಗೂ ಹೋಗದೆ ಮೇಲ್ಮಣ್ಣಿನಲ್ಲಿ ವರ್ಷವರ್ಷ ಕೂಡುತ್ತದೆ, ಎರೆಹುಳುವಿಗೆ ಅದು ಒಗ್ಗದು. ಆ ಕಾರಣಕ್ಕೆ ಯುರೋಪ್ ಒಕ್ಕೂಟವು 2019ರಿಂದ ಒಂದು ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ ತಾಮ್ರ ಎಂಬ ಮಿತಿ ಹಾಕಿತು. ಬೋರ್ಡೋ ಹುಟ್ಟಿದ ಫ್ರಾನ್ಸಿನ ತೋಟಗಳಿಗೂ ಆ ಮಿತಿ ಅನ್ವಯಿಸುತ್ತದೆ.