ಗಣಿಯ ಬೇಗೆ ಹೇಳುವ ಪಾಠ

ಬೆಂಗಳೂರಿನಿಂದ ಪೂರ್ವಾಭಿಮುಖವಾಗಿ ಸಾಗುವ ರೈಲುಮಾರ್ಗದಿಂದ ಬಂಗಾರಪೇಟೆಯಲ್ಲಿ ಒಂದು ಕವಲು ಮಾರಿಕುಪ್ಪಂ ಕಡೆಗೆ ತಿರುಗುತ್ತದೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರಿನಿಂದ ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರಿಗೂ, 1894ರಲ್ಲಿ ಆರಂಭವಾದ ಆ ಕವಲುಮಾರ್ಗಕ್ಕೂ ಮಹತ್ವ ಬಂದುದು ಕೋಲಾರದ ಚಿನ್ನದ ಗಣಿಗಳಿಂದ. ಗಣಿಗಳ ಚಿನ್ನದ ಕಥೆಯನ್ನು ಬಲ್ಲವರು ಅನೇಕರು. ಅವುಗಳ ಬೇಗೆಯ ಕಥೆಯನ್ನು ಬಲ್ಲವರು ವಿರಳ. ಬೇಸಿಗೆಗಳು ಉಗ್ರವಾಗುತ್ತಿರುವ ಈ ದಿನಗಳಲ್ಲಿ ಆ ಕಥೆಯನ್ನು ಸ್ಮರಿಸುವುದು ಉಚಿತ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿ ಆಧುನಿಕ ಗಣಿಗಾರಿಕೆಯನ್ನು ಕೈಗೊಂಡಿತು. ಕಾಲಕ್ರಮದಲ್ಲಿ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆನಿಸಿತು. ಭೂಮಿಯ ಒಳಗೆ ಇಳಿದಂತೆಲ್ಲ ಶಾಖ ಹೆಚ್ಚುವುದು ಪ್ರಕೃತಿನಿಯಮ. ತಳದಲ್ಲಿ ಬಂಡೆಯ ಉಷ್ಣತೆ ಸುಮಾರು 65 ಡಿಗ್ರಿ ಸೆಲ್ಸಿಯಸ್ ಇತ್ತು. ಬಂಡೆ ಕೊರೆಯುವಾಗ ಏಳುವ ಮಾರಕ ಧೂಳನ್ನು ಅಡಗಿಸಲು ನೀರು ಹಾಯಿಸಬೇಕು. ಆ ನೀರು ಆವಿಯಾಗಿ ಗಾಳಿಯನ್ನು ತೇವಗೊಳಿಸುತ್ತದೆ. ಹೀಗೆ ಧೂಳಿಗೆ ಮಾಡಿದ ಉಪಾಯವೇ ಸೆಕೆಯನ್ನು ಅಸಹನೀಯಗೊಳಿಸುತ್ತಿತ್ತು.

ತೇವದಿಂದ ಬೇಗೆ ಏಕೆ ಹೆಚ್ಚು ಘಾತಕವಾಗುತ್ತದೆ? ನಮ್ಮ ಮನೆಗಳ ಮಣ್ಣಿನ ಹೂಜಿಯೇ ಇದಕ್ಕೆ ನಿದರ್ಶನ. ಹೂಜಿಯ ಮೈಯಿಂದ ಜಿನುಗಿದ ನೀರು ಆರುವಾಗ ಒಳಗಿನ ನೀರು ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ ದಿನ ಹೂಜಿಯ ನೀರು ಅಷ್ಟು ತಂಪಾಗದು. ಮನುಷ್ಯದೇಹವೂ ಹಾಗೆಯೇ; ಬೆವರು ಆರದಿದ್ದರೆ ಶಾಖ ಒಳಗೇ ಉಳಿಯುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತವರದ ಗಣಿಗಳಲ್ಲಿ ಇದನ್ನು ಪರೀಕ್ಷಿಸಿದ ವಿಜ್ಞಾನಿ ಜೆ. ಎಸ್. ಹಾಲ್ಡೇನ್, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ನಿಶ್ಚಲವಾದ ಗಾಳಿಯಲ್ಲಿ ಸುಮಾರು 31 ಡಿಗ್ರಿ ದಾಟಿದರೆ, ಸುಮ್ಮನೆ ಕುಳಿತವನ ಮೈ ಕೂಡ ಕಾಯತೊಡಗುವುದೆಂದು 1905ರಲ್ಲಿ ತೋರಿಸಿಕೊಟ್ಟರು. ದುಡಿಯುವವನಿಗಾದರೆ ಆ ಮಿತಿ ಇನ್ನೂ ಕೆಳಗಿನದು. ಕೋಲಾರದ ಮೇಸ್ತ್ರಿಗಳಲ್ಲಿ ಬಹುಮಂದಿ ಅದೇ ಕಾರ್ನ್‌ವಾಲಿನಿಂದ ಬಂದವರೆಂಬುದು ಗಮನಾರ್ಹ.

ಗಣಿಯ ವೈದ್ಯ ಎ. ಕ್ಯಾಪ್ಲನ್ 1940ರ ದಶಕದಲ್ಲಿ, ಇಲ್ಲಿಯ ಸುರಂಗಗಳಲ್ಲಿ ಕುಸಿದು ಬೀಳುತ್ತಿದ್ದ ಕಾರ್ಮಿಕರನ್ನು ಕುರಿತು ಅಧ್ಯಯನ ನಡೆಸಿದರು. ಮುಂದೆ ಅವರೂ ಜೆ. ಕೆ. ಲಿಂಡ್ಸೆ ಅವರೂ ಕೂಡಿ ಮಾಡಿದ ಸಂಶೋಧನೆಯ ವಿಷಯ, ಅತಿಶಾಖದಿಂದ ಕಾರ್ಮಿಕರ ಕಾರ್ಯದಕ್ಷತೆ ಹೇಗೆ ಕುಂದುತ್ತದೆ ಎಂಬುದು. ಯಂತ್ರಗಳಿಂದ ತಂಪುಗೊಳಿಸಿದ ಗಾಳಿಯನ್ನು ಒಳಗೆ ಕಳುಹಿಸುವ ಏರ್ಪಾಡೂ ಆಯಿತು. ಇದರಿಂದ ಕಾರ್ಮಿಕನಿಗೆ ಉಪಕಾರವಾದುದು ನಿಜ. ಆದರೆ ಅವನ ದೇಹದ ಬೇಗೆಯನ್ನು ಅಳೆದುದು ಅವನ ದುಡಿಮೆಯ ಲೆಕ್ಕದಲ್ಲಿ ಎಂಬುದೂ ಅಷ್ಟೇ ನಿಜ. ನೆಲದ ಮೇಲಿನ ಹಿತವಾದ ಹವೆಯಲ್ಲಿ ಬಂಗಲೆಗಳಿದ್ದ ಈ ಊರನ್ನು 'ಪುಟ್ಟ ಇಂಗ್ಲೆಂಡ್' ಎಂದು ಕರೆಯುತ್ತಿದ್ದರು. ನೆಲದ ಕೆಳಗಿನ ಬೇಗೆ ತಮಿಳು, ತೆಲುಗು ಸೀಮೆಗಳಿಂದ ಬಂದ ಬಡವರ ಪಾಲಾಗಿತ್ತು.

ಗಣಿಯ ಯಂತ್ರಗಳು ಮೊದಲು ಓಡಿದುದು ಸೌದೆ, ಕಲ್ಲಿದ್ದಲುಗಳ ಉಗಿಯಿಂದ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಬಂದು ಗಣಿಗಳನ್ನು ನಡೆಸತೊಡಗಿತು. ಕೋಲಾರದಲ್ಲಿ ಉಗಿಯ ಬೆಂಕಿ ಇಳಿಮುಖವಾದರೂ ಲೋಕದಲ್ಲಿ ಕಲ್ಲಿದ್ದಲು, ಎಣ್ಣೆಗಳ ಬೆಂಕಿ ಬೆಳೆಯುತ್ತಲೇ ಹೋಯಿತು. ಅದರ ಹೊಗೆಯೊಡನೆ ಸೇರಿದ ಇಂಗಾಲದ ಡೈಆಕ್ಸೈಡ್ ಭೂಮಿಗೆ ಕಂಬಳಿ ಹೊದಿಸಿದಂತಾಗಿದೆ. ವಿಶ್ವ ಹವಾಮಾನ ಸಂಸ್ಥೆಯ ಗಣನೆಯಂತೆ 2024ನೆಯ ವರ್ಷ ಕೈಗಾರಿಕಾಪೂರ್ವ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಬಿಸಿಯಾಗಿತ್ತು. ಒಂದೊಂದು ಡಿಗ್ರಿ ಏರಿದಂತೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ತಂಪಿಗೆ ಹೆಸರಾದ ಬೆಂಗಳೂರು 2016ರ ಏಪ್ರಿಲಿನಲ್ಲಿ 39.2 ಡಿಗ್ರಿಯನ್ನು ಕಂಡಿತು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಈಗ ಅದೇ ಕವಲುಮಾರ್ಗದಲ್ಲಿ ದಿನವೂ ಬಂಗಾರಪೇಟೆಯನ್ನು ಹಾಯ್ದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬಿಸಿಲಿನಲ್ಲಿ ಇಟ್ಟಿಗೆ ಹೊರುವವನಿಗೂ, ತಗಡಿನ ಚಾವಣಿಯ ಕೆಳಗೆ ಕಾವಲು ಕಾಯುವವನಿಗೂ ಭೂಗರ್ಭದ ಬೇಗೆ ಈಗ ನೆಲದ ಮೇಲೆಯೇ ಎದುರಾಗುತ್ತಿದೆ. ಇಲ್ಲಿ ಅವನಿಗೆ ತಂಪು ಗಾಳಿ ಕಳುಹಿಸುವ ಯಂತ್ರವಿಲ್ಲ.

ತಾನು ಮಾಡಿದುದು, ಮಾಡಿಸಿದುದು, ಅನುಮೋದಿಸಿದುದು—ಈ ಮೂರಕ್ಕೂ ಮನುಷ್ಯ ಹೊಣೆಗಾರನೆಂದು ನಮ್ಮ ಹಿರಿಯರು ಬೋಧಿಸಿದ್ದಾರೆ. ಚಿನ್ನ ಧರಿಸಿದವರು ಗಣಿಗೆ ಇಳಿಯಲಿಲ್ಲ. ಆದರೂ ಆ ಬೇಗೆಯಲ್ಲಿ ಅವರ ಪಾಲಿರಲಿಲ್ಲವೆನ್ನಲಾಗದು. ಬಸದಿಯ ಜೀರ್ಣೋದ್ಧಾರಕ್ಕೆ ಕಲ್ಲು ಕೆತ್ತುವವನನ್ನು ನಡುಹಗಲಿನಲ್ಲಿ ದುಡಿಸುವಾಗ, ಮೆರವಣಿಗೆಯ ವಾದ್ಯದವರನ್ನು ಬಿಸಿಲಿನಲ್ಲಿ ನಡೆಸುವಾಗ ಆ ಮಾತು ನಮಗೂ ಅನ್ವಯಿಸುತ್ತದೆ. ಬೇಸಿಗೆಯ ಕೆಲಸವನ್ನು ಮುಂಜಾನೆಗೂ ಸಂಜೆಗೂ ಹಂಚುವುದು, ಮಧ್ಯಾಹ್ನದ ವಿಶ್ರಾಂತಿಗೆ ಕೂಲಿ ಕಡಿಯದಿರುವುದು, ನೆರಳನ್ನೂ ಅರವಟ್ಟಿಗೆಯನ್ನೂ ಏರ್ಪಡಿಸುವುದು ಯಾವ ಟ್ರಸ್ಟಿಗೂ ಅಸಾಧ್ಯವಲ್ಲ. ಗಣಿಯಲ್ಲಿ ಬೇಗೆಯನ್ನು ಅಳೆದುದು ಲಾಭದ ತಕ್ಕಡಿಯಲ್ಲಿ. ನಾವು ಅದನ್ನು ಜೀವದಯೆಯ ತಕ್ಕಡಿಯಲ್ಲಿ ಅಳೆಯೋಣ.