ಒಳ್ಳೆಯ ಕೈಯನ್ನು ಕಟ್ಟಿದಾಗ

ಲಕ್ವ ಹೊಡೆದು ಸ್ವಾಧೀನ ತಪ್ಪಿದರೆ ಹಳ್ಳಿಗಳಲ್ಲಿ ‘ಕೈ ಬಿದ್ದುಹೋಯಿತು’ ಎನ್ನುತ್ತಾರೆ. ವರ್ಷ ಕಳೆದರೂ ಏಳದ ಕೈ ಇನ್ನು ಏಳುವುದಿಲ್ಲ ಎಂದೇ ವೈದ್ಯರೂ ಬಹುಕಾಲ ನಂಬಿದ್ದರು. ಈ ನಂಬಿಕೆಯನ್ನು ಅಲುಗಾಡಿಸಿದ್ದು ಅಮೆರಿಕದಲ್ಲಿ ಕೋತಿಗಳ ಮೇಲೆ ನಡೆದ ಪ್ರಯೋಗಗಳು. ಅವನ್ನು ನಡೆಸಿದ ವಿಜ್ಞಾನಿ ಕಟಕಟೆಯನ್ನೂ ಹತ್ತಬೇಕಾಯಿತು.

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. 1895ರಲ್ಲಿ ಮಾಟ್ ಮತ್ತು ಶೆರಿಂಗ್ಟನ್ ಎಂಬ ವಿಜ್ಞಾನಿಗಳು ಕೋತಿಯ ಒಂದು ಕೈಯಿಂದ ಬೆನ್ನುಹುರಿಗೆ ಸ್ಪರ್ಶದ ಸುದ್ದಿ ಒಯ್ಯುವ ನರಗಳನ್ನು ಕತ್ತರಿಸಿದರು. ಸ್ನಾಯುಗಳಿಗೆ ಮಿದುಳಿನ ಆಜ್ಞೆ ತರುವ ನರಗಳನ್ನು ಮುಟ್ಟಿರಲಿಲ್ಲ. ಆದರೂ ಕೋತಿ ಆ ಕೈಯನ್ನು ಬಳಸಲಿಲ್ಲ. ಸ್ಪರ್ಶವಿಲ್ಲದೆ ಚಲನೆಯಿಲ್ಲ ಎಂಬ ತೀರ್ಮಾನ ಹುಟ್ಟಿತು. ಮುಂದೆ ನೊಬೆಲ್ ಪಡೆದ ಶೆರಿಂಗ್ಟನ್ ಅವರ ಮಾತನ್ನು ಅಲ್ಲಗಳೆಯುವುದು ಸುಲಭವಿರಲಿಲ್ಲ.

ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಮಾಡಿದ್ದು ಸರಳವಾದ ಕೆಲಸ: ಕೋತಿಯ ಒಳ್ಳೆಯ ಕೈಯನ್ನು ಕಟ್ಟಿಹಾಕಿದರು. ಬೇರೆ ದಾರಿಯಿಲ್ಲದ ಕೋತಿ ಜೋಲುಬಿದ್ದ ಕೈಯನ್ನೇ ಚಾಚಿತು! ಹುಟ್ಟಿದ ದಿನವೇ ನರ ಕತ್ತರಿಸಿದ ಮರಿಗಳೂ ಬೆಳೆಯುತ್ತಾ ಕೈ ಬಳಸಲು ಕಲಿತವು. ಟೌಬ್ ಕೊಟ್ಟ ವಿವರಣೆ ಹೀಗಿದೆ: ಶಸ್ತ್ರಚಿಕಿತ್ಸೆಯ ಮೊದಲ ದಿನಗಳಲ್ಲಿ ಕೈ ನಿಜಕ್ಕೂ ಆಡುವುದಿಲ್ಲ. ಯತ್ನಿಸಿ ಸೋತ ಪ್ರಾಣಿ ಅದರ ಗೊಡವೆ ಬಿಡುತ್ತದೆ. ಮುಂದೆ ಶಕ್ತಿ ಮರಳಿದರೂ ಬಿಟ್ಟ ಅಭ್ಯಾಸ ಮರಳುವುದಿಲ್ಲ.

1981ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಟೌಬ್ ಅವರ ಪ್ರಯೋಗಾಲಯಕ್ಕೆ ಅಲೆಕ್ಸ್ ಪಚೆಕೊ ಎಂಬ ಯುವಕ ಸ್ವಯಂಸೇವಕನಾಗಿ ಸೇರಿಕೊಂಡ. ಆತ ಪ್ರಾಣಿದಯಾ ಸಂಘಟನೆ ‘ಪೇಟಾ’ದ ಸ್ಥಾಪಕರಲ್ಲೊಬ್ಬ. ಕೊಳಕು ಪಂಜರಗಳನ್ನೂ, ನೋವೇ ತಿಳಿಯದ ತಮ್ಮ ಬೆರಳುಗಳನ್ನು ತಾವೇ ಕಚ್ಚಿ ತಿಂದ ಕೋತಿಗಳನ್ನೂ ಗುಟ್ಟಾಗಿ ಚಿತ್ರೀಕರಿಸಿದ. ಸೆಪ್ಟೆಂಬರ್‌ನಲ್ಲಿ ಪೊಲೀಸರು ದಾಳಿ ಮಾಡಿ 17 ಕೋತಿಗಳನ್ನು ವಶಪಡಿಸಿಕೊಂಡರು. ಆರು ಆರೋಪಗಳಲ್ಲಿ ಟೌಬ್ ತಪ್ಪಿತಸ್ಥರೆಂದು ಸಾಬೀತಾಯಿತು; ಮರುವಿಚಾರಣೆಯಲ್ಲಿ ಒಂದೇ ಉಳಿಯಿತು. 1983ರಲ್ಲಿ ಅದೂ ರದ್ದಾಯಿತು. ಕೇಂದ್ರ ಸರ್ಕಾರದ ಹಣದಿಂದ ನಡೆಯುವ ಸಂಶೋಧನೆಗೆ ರಾಜ್ಯದ ಕಾಯ್ದೆ ಅನ್ವಯಿಸದು ಎಂಬುದು ಅದಕ್ಕೆ ಕಾರಣ. ಆ ಪಂಜರಗಳು ಸರಿಯಿದ್ದವೆಂದು ಇದರರ್ಥವಲ್ಲ. 1985ರಲ್ಲಿ ಅಮೆರಿಕ ತನ್ನ ಪ್ರಾಣಿ ಕಲ್ಯಾಣ ಕಾಯ್ದೆಯನ್ನು ಬಿಗಿಗೊಳಿಸಿತು.

ಕೋತಿಗಳು ಯಾರ ಪಾಲಿಗೆ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಈ ನಡುವೆ ಅವುಗಳಲ್ಲಿ ಕೆಲವನ್ನು ಕೊನೆಗಾಣಿಸುವ ಮೊದಲು ವಿಜ್ಞಾನಿಗಳು ಮಿದುಳನ್ನು ಪರೀಕ್ಷಿಸಿದರು. 1991ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸಿತು: ಕೈಯ ಸ್ಪರ್ಶಕ್ಕೆ ಮೀಸಲಾಗಿದ್ದ ಜಾಗ ಮುಖದ ಸ್ಪರ್ಶಕ್ಕೆ ಓಗೊಡುತ್ತಿತ್ತು. ಬೆಳೆದ ಪ್ರಾಣಿಯ ಮಿದುಳು ಅಷ್ಟು ದೊಡ್ಡ ಪ್ರಮಾಣದಲ್ಲಿ ಬದಲಾಗಬಲ್ಲದೆಂದು ಯಾರೂ ನಿರೀಕ್ಷಿಸಿರಲಿಲ್ಲ.

ಅಷ್ಟರಲ್ಲಿ ಟೌಬ್ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಂ ಕೇಂದ್ರ ಸೇರಿ, ಲಕ್ವ ಹೊಡೆದವರ ಮೇಲೆ ಅದೇ ಉಪಾಯ ಹೂಡಿದ್ದರು. ರೋಗಿಯ ಒಳ್ಳೆಯ ಕೈಗೆ ಗವುಸು ತೊಡಿಸಿ, ಲೋಟ ಎತ್ತುವಂಥ ಕೆಲಸಗಳನ್ನು ಸೋತ ಕೈಯಿಂದಲೇ ಎರಡು ವಾರ ದಿನಕ್ಕೆ ಹಲವು ಗಂಟೆ ಮಾಡಿಸುವುದು. 222 ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ 2006ರಲ್ಲಿ ಹೊರಬಂತು. ಈ ಚಿಕಿತ್ಸೆ ಪಡೆದವರ ಕೈ ಉಳಿದವರಿಗಿಂತ ಹೆಚ್ಚು ಸುಧಾರಿಸಿತ್ತು. ವರ್ಷದ ನಂತರವೂ ಗುಣ ಉಳಿದಿತ್ತು. ಆದರೆ ಪರೀಕ್ಷೆಗೆ ಆರಿಸಿದ್ದು ಮಣಿಕಟ್ಟು, ಬೆರಳುಗಳನ್ನು ಒಂದಿಷ್ಟಾದರೂ ಅಲುಗಿಸಬಲ್ಲವರನ್ನು ಮಾತ್ರ.